ಎರಡು ನಲ್ಲಿ, ಒಂದು ಮಣೆ

ಭಾನುವಾರ ಬೆಳಿಗ್ಗೆ ಸ್ಯಾಂಕಿ ಕೆರೆಗೆ ಎರಡು ಸುತ್ತು ಹಾಕುವುದು, ಅದರಿಂದ ಬಂದ ಪುಣ್ಯವನ್ನು ತಿರುವಿನ ದರ್ಶಿನಿಯಲ್ಲಿ ಒಂದು ಸೆಟ್ ದೋಸೆಗೆ ಒತ್ತೆಯಿಟ್ಟು ಬರುವುದು, ಇದು ನಮ್ಮ ನಾಲ್ವರ ವ್ರತ. ಮೇಷ್ಟ್ರು ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದದ್ದು ಸಂಬಳಕ್ಕೆ ಮಾತ್ರ, ಪಾಠಕ್ಕಲ್ಲ. ಲೆಕ್ಕಿಗರು ಬ್ಯಾಂಕಿನಲ್ಲಿದ್ದವರು, ಬೈ ಟು ಕಾಫಿ ಸಮಪಾಲಾಗಿದೆಯೇ ಎಂದು ಈಗಲೂ ಎರಡು ಲೋಟಗಳನ್ನು ಪಕ್ಕಪಕ್ಕ ಹಿಡಿದು ನೋಡುತ್ತಾರೆ. ಶೆಟ್ಟರು ಮೂಲ್ಕಿಯವರು. ಮಲ್ಲೇಶ್ವರದಲ್ಲಿ ನಲವತ್ತು ವರ್ಷ ಕಳೆದರೂ ಇಲ್ಲಿ ಸಿಗುವ ಮೀನನ್ನು ಮೀನೆಂದು ಒಪ್ಪಿಕೊಂಡವರಲ್ಲ. ನಾಲ್ಕನೆಯವನು ನಾನು, ಬಿಲ್ಲು ಕೊಡುವವನು.

ಆ ಭಾನುವಾರ ನನ್ನಲ್ಲಿ ಒಂದು ಸಮಸ್ಯೆಯಿತ್ತು. ನಮ್ಮ ಮನೆಯ ಮಹಡಿಯಲ್ಲಿ ನನ್ನ ತಂಗಿಯ ಮಗ ಇದ್ದಾನೆ, ಸಾಫ್ಟ್‌ವೇರ್ ಉದ್ಯೋಗಿ. ಅವನು ಹಿಂದಿನ ದಿನ ಆಳೆತ್ತರಕ್ಕೆ ತುಸು ಕಡಿಮೆಯ, ಎರಡು ಬೂಟುಗಳನ್ನು ಅಡ್ಡಡ್ಡವಾಗಿ ತಿರುಪು ಹಾಕಿ ಬಿಗಿದಿದ್ದ ಒಂದು ಕಪ್ಪು ಹಲಗೆಯನ್ನು ಹೊತ್ತು ತಂದಿದ್ದ. ಇಸ್ತ್ರಿ ಮೇಜೆಂದು ತಿಳಿದು ಸಂತೋಷಪಟ್ಟ ನನ್ನ ಹೆಂಡತಿಗೆ ಅವನು ವಿವರಿಸಿದ: "ಅತ್ತೆ, ಇದು ವೇಕ್‌ಬೋರ್ಡ್. ಮೋಟಾರು ದೋಣಿಗೆ ಇಪ್ಪತ್ತು ಮೀಟರ್ ಹಗ್ಗ ಕಟ್ಟಿ, ಅದರ ತುದಿ ಹಿಡಿದುಕೊಂಡು ಇದರ ಮೇಲೆ ಪಕ್ಕಕ್ಕೆ ತಿರುಗಿ ನಿಲ್ಲುವುದು. ದೋಣಿಯ ಹಿಂದೆ ಏಳುವ ಅಲೆಯ ಏಣಿನಿಂದ ಏಣಿಗೆ ನೆಗೆಯುವುದು." ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೂವತ್ತು ತುಂಬುತ್ತಾ ಬಂತು. ಏರಬೇಕಾದ ಮಣೆ ಬಿಟ್ಟು ಇದ್ಯಾವ ಮಣೆ ಏರಲು ಹೊರಟಿದ್ದೀಯಪ್ಪ?"

ಅದಕ್ಕೆ ಅವನು ಉತ್ತರ ಕೊಡಲಿಲ್ಲ. ನನ್ನನ್ನು ಕೇಳಿದ: "ಮಾವ, ಉಪ್ಪು ನೀರಿನಲ್ಲಿ ಕಲಿಯಲೇ, ಸಿಹಿ ನೀರಿನಲ್ಲಿ ಕಲಿಯಲೇ?" ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ತೀರ್ಪು ಬಂತು: "ಸಿಹಿ ನೀರು ಬರುವುದೇ ದಿನ ಬಿಟ್ಟು ದಿನ. ಅದರಲ್ಲಿ ಆಟ ಬೇರೆ!"

ತಪ್ಪು ಅವಳದಲ್ಲ. ಬೆಂಗಳೂರಿನಲ್ಲಿ ಸಿಹಿ ನೀರೆಂದರೆ ಕಾವೇರಿ, ಉಪ್ಪು ನೀರೆಂದರೆ ಬೋರ್‌ವೆಲ್. ಪ್ರತಿ ಮನೆಯ ಅಡುಗೆಕಟ್ಟೆಯಲ್ಲಿ ಎರಡು ನಲ್ಲಿಗಳು ಸವತಿಯರಂತೆ ಬೆನ್ನು ತಿರುಗಿಸಿಕೊಂಡು ನಿಂತಿರುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಕುಳಿತು, ಹತ್ತಿರದ ಕಡಲಿಗೆ ಒಂದು ರಾತ್ರಿಯ ಬಸ್ಸಿನಷ್ಟು ದೂರವಿದ್ದರೂ, ಉಪ್ಪು ನೀರು ಸಿಹಿ ನೀರಿನ ಮಾತು ಬಂದರೆ ನಮ್ಮಷ್ಟು ಅಧಿಕಾರದಿಂದ ಬೇರೆ ಯಾವ ಊರಿನವರೂ ಮಾತನಾಡಲಾರರು.

"ನಿಮ್ಮ ಬೋರ್‌ವೆಲ್ ನೀರನ್ನು ಉಪ್ಪು ಎನ್ನುವುದು ಕಡಲಿಗೆ ಅವಮಾನ ಮಾರಾಯರೇ" ಎಂದು ಶೆಟ್ಟರು ಶುರು ಮಾಡಿದರು.

ಮೇಷ್ಟ್ರು ಅಂಕಿಗಳನ್ನು ಕೊಟ್ಟರು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಬೇರೆ ನೀರೇ ಇಲ್ಲದಿದ್ದರೂ ಲೀಟರಿಗೆ 2 ಗ್ರಾಂ ಮೀರಿ ಲವಣ ಕರಗಿದ್ದರೆ ಕುಡಿಯಲು ತಕ್ಕದ್ದಲ್ಲವೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. "ಹಾಗಾಗಿ ನಿಮ್ಮ ಬೋರ್‌ವೆಲ್ ಕಡಲಿನ ಮುಂದೆ ಶಿಶುವಿಹಾರದ ಮಗು. ಇನ್ನು ತೂಕಕ್ಕೆ ಬನ್ನಿ. ಸಾವಿರ ಲೀಟರ್ ಕೆರೆಯ ನೀರು ಸಾವಿರ ಕಿಲೋ ಇದ್ದರೆ ಕಡಲಿನದು 1025 ಕಿಲೋ. ವ್ಯತ್ಯಾಸ ನೂರಕ್ಕೆ ಎರಡೂವರೆ."

"ಎರಡೂವರೆ!" ಲೆಕ್ಕಿಗರ ಮುಖ ಬಾಡಿತು. "ಉಳಿತಾಯ ಖಾತೆಯ ಬಡ್ಡಿಯ ಹಾಗಿದೆಯಲ್ಲ. ಇದಕ್ಕಾಗಿ ಮನುಷ್ಯರು ಜಗಳವಾಡುತ್ತಾರೆಯೇ?"

"ಎಪ್ಪತ್ತೈದು ಕಿಲೋದ ಹುಡುಗ ಕೆರೆಯಲ್ಲಿ ತೇಲಬೇಕಾದರೆ ಎಪ್ಪತ್ತೈದು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಕಡಲಿನಲ್ಲಿ ಎಪ್ಪತ್ತಮೂರು ಸಾಕು. ಇನ್ನು ಹಲಗೆ ಓಡತೊಡಗಿದ ಮೇಲೆ ಎತ್ತಿ ಹಿಡಿಯುವುದು ತೇಲುವ ಗುಣವಲ್ಲ, ವೇಗ. ಕೆರೆಯಲ್ಲಿ ಗಂಟೆಗೆ 36 ಕಿಲೋಮೀಟರಿನಲ್ಲಿ ಸಿಗುವ ಆಸರೆ ಕಡಲಿನಲ್ಲಿ ಮೂವತ್ತೈದೂವರೆಗೇ ಸಿಗುತ್ತದೆ."

"ಅರ್ಧ ಕಿಲೋಮೀಟರ್. ಮೀಟರಿನ ಮುಳ್ಳು ನಡುಗುವುದೇ ಅದಕ್ಕಿಂತ ಹೆಚ್ಚು" ಎಂದು ಲೆಕ್ಕಿಗರು ಕಡತ ಮುಚ್ಚಿದರು.

ಶೆಟ್ಟರು ಬಿಡಲಿಲ್ಲ. ಪಣಂಬೂರಿನ ಬಂದರಿನಲ್ಲಿ ಹಡಗುಗಳ ಪಕ್ಕೆಯ ಮೇಲೆ ಏಣಿಯಂತೆ ಗೆರೆಗಳನ್ನು ಎಳೆದು ಪಕ್ಕದಲ್ಲಿ ಅಕ್ಷರ ಬರೆದಿರುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರಂತೆ. ಎರಡೂವರೆ ಏನೂ ಅಲ್ಲವಾದರೆ ಆ ಗೆರೆಗಳೇಕೆ? ಮೇಷ್ಟ್ರಿಗೆ ಹಬ್ಬವಾಯಿತು. ಹಡಗಿಗೆ ಹೊರೆಯ ಗೆರೆ ಕಡ್ಡಾಯವಾದದ್ದು ಬ್ರಿಟನ್ನಿನಲ್ಲಿ, 1876ರ ಕಾನೂನಿನಿಂದ. ಅದಕ್ಕಾಗಿ ಸಂಸತ್ತಿನಲ್ಲಿ ಕೂಗಾಡಿದವರು ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್. ಈಗಿನ ಹಡಗುಗಳಲ್ಲಿ ಬೇಸಿಗೆಯ ಕಡಲಿಗೆ ಒಂದು ಗೆರೆ, ಚಳಿಗಾಲಕ್ಕೆ ಇನ್ನೊಂದು, ಸಿಹಿ ನೀರಿಗೆ ಬೇರೆಯದೇ. ನದಿಯ ಬಂದರಿನಲ್ಲಿ ತುಸು ಹೆಚ್ಚು ಮುಳುಗಿ ನಿಂತ ಹಡಗು ಕಡಲಿಗೆ ಬಂದ ಮೇಲೆ ತಾನಾಗಿಯೇ ಮೇಲೇಳುತ್ತದೆ. "ಸಾವಿರಾರು ಟನ್ನಿನ ಹಡಗಿಗೆ ಎರಡೂವರೆ ದೊಡ್ಡ ಮಾತು. ಹಲಗೆಗೆ ಅಲ್ಲ."

"ದೋಣಿಗೆ?" ಎಂದೆ ನಾನು. ದೋಸೆಯ ದುಡ್ಡು ಕೊಡುವವನಿಗೂ ಒಂದು ಪ್ರಶ್ನೆಯ ಹಕ್ಕಿದೆ.

ಒಳ್ಳೆಯ ಪ್ರಶ್ನೆಯೇ ಆಗಿತ್ತು. ಈ ಆಟದ ದೋಣಿಗಳಲ್ಲಿ ತೊಟ್ಟಿಗಳಿರುತ್ತವೆ. ಪಂಪಿನಿಂದ ನೀರು ತುಂಬಿ ದೋಣಿಯನ್ನು ಬೇಕೆಂದೇ ಭಾರ ಮಾಡುತ್ತಾರೆ. ದೋಣಿ ಆಳಕ್ಕೆ ಕುಳಿತಷ್ಟೂ ಹಿಂದಿನ ಅಲೆ ದಪ್ಪ. ಎರಡೂವರೆ ಟನ್ನಿನ ದೋಣಿ ಕಡಲಿನಲ್ಲಿ ಅರವತ್ತು ಲೀಟರಿನಷ್ಟು ಮೇಲೆ ಕುಳಿತು ಅಲೆ ಸಣ್ಣದಾಗಬೇಕು. ಆದರೆ ತೊಟ್ಟಿಗೆ ತುಂಬಿದ್ದೂ ಉಪ್ಪು ನೀರೇ ಆದ್ದರಿಂದ ಐನೂರು ಲೀಟರಿಗೆ ಹನ್ನೆರಡು ಕಿಲೋ ಪುಕ್ಕಟೆ ಭಾರ ಸಿಕ್ಕಿತು. "ಉಳಿದ ಬಾಕಿಗೆ ಶೆಟ್ಟರನ್ನು ದೋಣಿಯ ಹಿಂಬದಿಯಲ್ಲಿ ಕೂರಿಸಿದರೆ ಖಾತೆ ಚುಕ್ತಾ" ಎಂದರು ಲೆಕ್ಕಿಗರು. ಶೆಟ್ಟರು ಮೂರನೆಯ ವಡೆಯನ್ನು ಕೆಳಗಿಡಲಿಲ್ಲ.

ಅಲೆಯ ಓಟಕ್ಕಂತೂ ನೀರಿನ ಸಾಂದ್ರತೆಯ ಹಂಗೇ ಇಲ್ಲವಂತೆ. ಆಳದ ನೀರಿನಲ್ಲಿ ಅಲೆಯ ವೇಗವನ್ನು ತೀರ್ಮಾನಿಸುವುದು ಅದರ ಉದ್ದ ಮತ್ತು ಗುರುತ್ವ. "ಅಲೆಗೆ ನಾಲಿಗೆಯಿಲ್ಲ. ಉಪ್ಪೋ ಸಪ್ಪೆಯೋ ಅದಕ್ಕೆ ತಿಳಿಯುವುದಿಲ್ಲ. ತಿಳಿಯುವುದು ಬಿದ್ದವನ ಮೂಗಿಗೆ."

ಮೂಗಿನ ವಿಷಯದಲ್ಲಿ ಮೇಷ್ಟ್ರ ಮಾತಿಗೆ ಎದುರಿಲ್ಲ. ಅವರು ಇಪ್ಪತ್ತು ವರ್ಷಗಳಿಂದ ಜಲನೇತಿ ಮಾಡುತ್ತಿದ್ದಾರೆ. ಬರೀ ನೀರು ಮೂಗಿಗೆ ನುಗ್ಗಿದರೆ ಉರಿಯುತ್ತದೆ, ಸಮುದ್ರದ ನೀರು ನುಗ್ಗಿದರೂ ಉರಿಯುತ್ತದೆ. ಉರಿಯದಿರುವುದು ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ್ದು ಮಾತ್ರ, ನಮ್ಮ ರಕ್ತದ ಹದದ್ದು. ಶೆಟ್ಟರು ಬೆರಳು ಮಡಚಿ ಎಣಿಸಿದರು. "ಹಾಗಾದರೆ ಒಂದು ಪಾಲು ಕಡಲು, ಮೂರು ಪಾಲು ಹೊಳೆ! ಅದು ನಮ್ಮ ಅಳಿವೆಯಲ್ಲವೇ?"

ಇಲ್ಲಿಂದ ಅವರನ್ನು ತಡೆಯುವುದು ಸಾಧ್ಯವಿರಲಿಲ್ಲ. ಶಾಂಭವಿ, ನಂದಿನಿ ಎರಡೂ ಕೂಡಿ ಕಡಲಿಗೆ ಬೀಳುವ ಜಾಗದಲ್ಲಿ ಉಪ್ಪು ನೀರು ಸಿಹಿ ನೀರು ಎಂಬ ಪ್ರಶ್ನೆಯೇ ಹುಚ್ಚುತನವಂತೆ. ಆಟಿ ತಿಂಗಳಿನ ಮಳೆಯಲ್ಲಿ ಹೊಳೆ ಸಪ್ಪೆ. ಏಪ್ರಿಲ್ ಬಂದರೆ ಕಡಲು ಒಳಗೆ ನುಗ್ಗಿ ಬಾವಿಯ ನೀರನ್ನೂ ಕೆಡಿಸುತ್ತದೆ. ನಡುವಿನ ತಿಂಗಳುಗಳಲ್ಲಿ ಉಬ್ಬರಕ್ಕೊಂದು ರುಚಿ, ಇಳಿತಕ್ಕೊಂದು ರುಚಿ, ಅದೂ ದಿನಕ್ಕೆ ಎರಡೆರಡು ಸಲ. "ಹಲಗೆ ಎಂದಿರಲ್ಲ, ಉಪ್ಪು ನೀರಿಗೆ ಹಲಗೆ ಹಾಕುವುದನ್ನು ನೀವು ನಮಗೆ ಹೇಳಿಕೊಡುವುದೇ? ಮಳೆ ನಿಂತ ಕೂಡಲೇ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸದಿದ್ದರೆ ಗದ್ದೆಗಳ ಗತಿ ಏನು?"

ನನ್ನ ಅಳಿಯ ಹೇಳಿದ್ದ ಇನ್ನೊಂದು ಸಂಗತಿಯನ್ನೂ ನಾನು ಆಗ ಹೇಳಬಾರದಿತ್ತು. 1985ರಲ್ಲಿ ಇಂಥದೊಂದು ಹಲಗೆಯನ್ನು ಸ್ಕರ್ಫರ್ ಎಂಬ ಹೆಸರಿನಲ್ಲಿ ತಂದ ಟೋನಿ ಫಿನ್, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದ ಕಡಲಲೆಯ ಸವಾರ. "ನೋಡಿದಿರಾ, ಕಡಲಿನವನೇ!" ಎಂದು ಶೆಟ್ಟರು ಮೇಜು ಗುದ್ದಿದ ರಭಸಕ್ಕೆ ನನ್ನ ಪಾಲಿನ ಚಟ್ನಿ ಲೆಕ್ಕಿಗರ ಪಂಚೆಗೆ ಜಮೆಯಾಯಿತು.

ಹಾಗಿದ್ದರೂ ಆಟ ಬೆಳೆದದ್ದು ಕೆರೆ ಸರೋವರಗಳಲ್ಲಿ. ಕಾರಣ ಉಪ್ಪಲ್ಲ, ಗಾಳಿ. ಕನ್ನಡಿಯಂತೆ ನಿಂತ ನೀರಿನಲ್ಲಿ ದೋಣಿಯ ಅಲೆಯೊಂದೇ ಎದ್ದು ಕಾಣುತ್ತದೆ. ಕಡಲಿನಲ್ಲಿ ಹೊತ್ತೇರಿದಂತೆ ಗಾಳಿ ಏಳುತ್ತದೆ. ಗಂಟೆಗೆ 36 ಕಿಲೋಮೀಟರಿನ ಓಟದಲ್ಲಿ ಪುಟ್ಟ ತೆರೆಗಳೂ ಮೊಣಕಾಲಿಗೆ ಹೊಂಡ ಬಿದ್ದ ರಸ್ತೆಯ ಅನುಭವ ಕೊಡುತ್ತವೆ. (ಈ ಅನುಭವಕ್ಕೆ ಬೆಂಗಳೂರಿನವರು ಕಡಲಿಗೆ ಹೋಗಬೇಕಾಗಿಲ್ಲವೆಂದು ಲೆಕ್ಕಿಗರ ಟಿಪ್ಪಣಿ.) ಮುಂಗಾರಿನಲ್ಲಂತೂ ಕೇಳುವುದೇ ಬೇಡ. ಜೂನ್ 1ರಿಂದ 61 ದಿನ ಮೀನಿನ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ.

"ಹಾಗಾದರೆ ಇಲ್ಲೇ ಕಲಿಯಲಿ" ಎಂದು ನಾನು ಸ್ಯಾಂಕಿಯ ಕಡೆ ಕೈ ತೋರಿಸಿದೆ. ಮೇಷ್ಟ್ರು ಕೆರೆಯನ್ನು ಕಣ್ಣಳತೆಯಲ್ಲೇ ಅಳೆದರು. "ಸೆಕೆಂಡಿಗೆ ಹತ್ತು ಮೀಟರ್. ಒಂದೂವರೆ ನಿಮಿಷದೊಳಗೆ ಕೆರೆ ಮುಗಿಯುತ್ತದೆ, ಆಮೇಲೆ ಸದಾಶಿವನಗರ." ಶೆಟ್ಟರು ಬೆಳ್ಳಂದೂರನ್ನು ಸೂಚಿಸಿದರು: ಮಂಜುಗಡ್ಡೆಯಂತೆ ನೊರೆ ಎದ್ದು ರಸ್ತೆಗೆ ಹಾರುತ್ತಿದ್ದ ಕಾಲದಲ್ಲಿ ಬಿದ್ದರೂ ನೋವಾಗುತ್ತಿರಲಿಲ್ಲ. 2017ರ ಫೆಬ್ರವರಿಯಲ್ಲಿ ಆ ಕೆರೆಗೇ ಬೆಂಕಿ ಹತ್ತಿತ್ತೆಂದು ಲೆಕ್ಕಿಗರು ನೆನಪಿಸಿದರು. ಉಪ್ಪು ನೀರು, ಸಿಹಿ ನೀರು ಅಲ್ಲದೆ ಉರಿಯುವ ನೀರು ಎಂಬ ಮೂರನೆಯ ಜಾತಿಯನ್ನು ಕಂಡ ಊರು ನಮ್ಮದು. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಕೊನೆಗೆ ಹುಡುಗ ನಮ್ಮ ಯಾರ ಅಭಿಪ್ರಾಯಕ್ಕೂ ಕಾಯದೆ ಗುರುವಾರ ರಾತ್ರಿ ಮಂಗಳೂರಿನ ಬಸ್ಸು ಹತ್ತಿ, ಪರಿಚಯದವರೊಬ್ಬರ ದೋಣಿಯ ಹಿಂದೆ ಎರಡು ದಿನ ಬಿದ್ದು, ಎದ್ದು, ಹೆಚ್ಚಾಗಿ ಬಿದ್ದು, ಭಾನುವಾರ ನಸುಕಿಗೆ ಹಲಗೆಯ ಸಮೇತ ಬಂದಿಳಿದ. ಕಣ್ಣು ಕೆಂಪು, ತೊಡೆಸಂದು ಉಜ್ಜಿ ಉರಿ, ಕೂದಲು ತೆಂಗಿನ ನಾರು. ಹಲಗೆಯನ್ನು ನಾನು ಬಚ್ಚಲಿನಲ್ಲಿ ಮಲಗಿಸಿ ನೋಡಿದೆ. ಬೂಟಿನ ಬುಡದಲ್ಲಿ ಎಂಟು ತಿರುಪುಗಳು. ಎರಡೇ ದಿನಕ್ಕೆ ಎರಡರ ತಲೆಯಿಂದ ಕಂದು ಬಣ್ಣದ ಕಣ್ಣೀರು ಇಳಿದಿತ್ತು. ಸಂದಿನಲ್ಲಿ ಮರಳು, ಮರಳಿನ ನಡುವೆ ಮಿನುಗುವ ಹರಳು, ಎಲ್ಲಕ್ಕೂ ಮೀನಿನ ವಾಸನೆ.

ಉಪ್ಪಿನ ನಿಜವಾದ ಸುಂಕ ಇದು; ನೀರಿನಿಂದ ಮೇಲೆ ಬಂದ ಮೇಲೆ ವಸೂಲಾಗುತ್ತದೆ. ದೋಣಿಯವರ ಪಾಡು ಇನ್ನೂ ಹೆಚ್ಚು ಎಂದ ಹುಡುಗ. ಹೊರಗಿನ ನೀರನ್ನೇ ಹೀರಿ ತಣ್ಣಗಾಗುವ ಎಂಜಿನ್ ಆದರೆ, ಕಡಲಿನಿಂದ ಬಂದಾಗಲೆಲ್ಲ ಪೈಪು ಸಿಕ್ಕಿಸಿ ಸಿಹಿ ನೀರು ಹರಿಸಿ ಅದರ ಹೊಟ್ಟೆ ತೊಳೆಯಬೇಕು. ದೋಣಿಯ ತಳಕ್ಕೆ ಸತುವಿನ ಬಿಲ್ಲೆ ಅಂಟಿಸಿರುತ್ತಾರೆ. ಉಪ್ಪು ಬೇರೆ ಲೋಹವನ್ನು ಮುಟ್ಟುವ ಮೊದಲು ಅದು ತಾನು ಸವೆಯುತ್ತದೆ. ಸಿಹಿ ನೀರಿನ ದೋಣಿಗಾದರೆ ಮೆಗ್ನೀಷಿಯಂ. "ಅಯ್ಯೋ, ನಮ್ಮ ಗೀಸರಿನೊಳಗೆ ಪ್ಲಂಬರ್ ಬದಲಾಯಿಸಿದನಲ್ಲ, ಅದೇ ಕಡ್ಡಿ!" ಎಂದಳು ಹೆಂಡತಿ. ಅದೇ. ಬೋರ್‌ವೆಲ್ ಕುಡಿದು ಕುಡಿದು ನಮ್ಮ ಗೀಸರ್ ಬಚ್ಚಲಿನಲ್ಲಿ ನಿಂತಲ್ಲೇ ಹಡಗಾಗಿತ್ತು.

"ಮಾವ, ಇದನ್ನು ಸಿಹಿ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು" ಎಂದ ಅವನು ಕಾವೇರಿಯ ನಲ್ಲಿಗೆ ಕೈ ಹಾಕಿದ. ಹೆಂಡತಿ ನಡುವೆ ಬಂದು ನಿಂತಳು. 2024ರ ಮಾರ್ಚಿನ ಬರದಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆ ಆದೇಶ ನಮ್ಮ ಬಚ್ಚಲಿನಲ್ಲಿ ಇನ್ನೂ ಜಾರಿಯಲ್ಲಿದೆ. "ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತಂದ ನೀರು ಅದು, ನಿನ್ನ ಮಣೆ ತೊಳೆಯುವುದಕ್ಕಲ್ಲ. ಉಪ್ಪು ನೀರಿನ ನಲ್ಲಿ ಆ ಕಡೆ."

ಹೀಗೆ ಅರಬ್ಬಿ ಸಮುದ್ರದ ಉಪ್ಪನ್ನು ನಾವು ಉಪ್ಪು ನೀರಿನಲ್ಲಿ ತೊಳೆದು ಅಂಗಳದ ಬಿಸಿಲಿಗೆ ಒರಗಿಸಿದೆವು.

ಕೆರೆಯ ಸುತ್ತು ಮುಗಿಸಿ ಮೂವರೂ ಹುಡುಗನ ಸಾಹಸ ಕೇಳಲು ಮನೆಗೇ ಬಂದಾಗ ಹಲಗೆ ಒಣಗಿ, ಕಪ್ಪು ಮೈಯ ತುಂಬ ಬಿಳಿಯ ಚಿತ್ತಾರ ಎದ್ದಿತ್ತು. ಸರಿಯಾಗಿ ತೊಳೆದಿಲ್ಲ, ಕಡಲಿನ ಉಪ್ಪು ಇನ್ನೂ ಇದೆ ಎಂದರು ಲೆಕ್ಕಿಗರು. ಅದು ಸುಣ್ಣದ ಅಂಶ, ಬೋರ್‌ವೆಲ್ಲಿನದು ಎಂದರು ಮೇಷ್ಟ್ರು, ಮತ್ತು ನಿಂಬೆಹುಳಿ ಹಿಂಡಿ ಸಾಬೀತು ಮಾಡುತ್ತೇನೆಂದು ಅಡುಗೆಮನೆಯ ಕಡೆ ಹೊರಟರು. ಶೆಟ್ಟರು ಅಷ್ಟು ಹೊತ್ತು ಕಾಯಲಿಲ್ಲ. ಹಲಗೆಯ ಅಂಚನ್ನು ಉಗುರಿನಿಂದ ಕೆರೆದು, ಕಣ್ಣು ಮುಚ್ಚಿ, ನಾಲಿಗೆಯ ತುದಿಗೆ ಇಟ್ಟುಕೊಂಡರು. ನಾವೆಲ್ಲ ಉಸಿರು ಹಿಡಿದೆವು.

"ಛೆ" ಎಂದು ಉಗುಳಿ ಬಾಯಿ ಒರೆಸಿಕೊಂಡರು. "ಇದು ನಮ್ಮದಲ್ಲ ಮಾರಾಯರೇ. ನಿಮ್ಮದೇ."