ಹಿಡಿದುಕೊಂಡ ಬೋಟ್ ಎಂಜಿನ್ನಿಗೆ ಜೀಪಿನ ಬ್ಲಾಕ್: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ತರೀಕೆರೆಯಿಂದ:

ಮಂಗಳೂರಿನ ಕಡೆಯಿಂದ ತಂದ ಹಳೆಯ ಬೋಟೊಂದನ್ನು ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ದಡದಲ್ಲಿ ಎರಡು ಮಳೆಗಾಲ ಹಾಗೆಯೇ ಬಿಟ್ಟಿದ್ದೆವು. ಅದರ ವೋಲ್ವೋ ಪೆಂಟಾ ಎಂಡಿ 21 ಡೀಸೆಲ್ ಎಂಜಿನ್ ಈಗ ಹಿಡಿದುಕೊಂಡಿದೆ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಸ್ವಲ್ಪವೂ ಅಲುಗುತ್ತಿಲ್ಲ. ಚಿಕ್ಕಮಗಳೂರಿನ ಗುಜರಿಯಲ್ಲಿ ಮಹೀಂದ್ರಾ ಜೀಪಿನ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ) ಇದೆ. ಅದನ್ನು ಕೂರಿಸಬಹುದೇ?

ಉತ್ತರ, ಬೇಲೂರಿನಿಂದ:

ಕೂರಿಸಬಹುದು, ನಾನು ಅದೇ ಎಂಜಿನ್ನಿಗೆ ಕೂರಿಸಿದ್ದೇನೆ. ಎಂಡಿ 21 ಮೂಲತಃ ಪ್ಯೂಜೋ ಕಂಪನಿಯ ಎಕ್ಸ್‌ಡಿಪಿ 4.90 ಎಂಜಿನ್: ಬೋರ್ (ಸಿಲಿಂಡರಿನ ಒಳವ್ಯಾಸ) 90 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ) 83 ಮಿ.ಮೀ., 2112 ಸಿಸಿ. ಅದನ್ನೇ ಮಹೀಂದ್ರಾದವರು ಎಂಎಂ 540 ಜೀಪಿಗೆ ಹಾಕಿದ್ದರಿಂದ ನಮ್ಮ ಕಾಫಿ ತೋಟಗಳ ಶೆಡ್ಡುಗಳಲ್ಲಿ ಅದರ ಬಂಧುಗಳು ಇನ್ನೂ ಇವೆ. ಆದರೆ ಗುಜರಿಯವರು ಅನಂತರ ಬಂದ 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ನನ್ನೂ ಜೀಪ್ ಎಂಜಿನ್ ಎಂದೇ ಕೊಡುತ್ತಾರೆ. ಅದರ ಬೋರ್ 88.9 ಮಿ.ಮೀ. ಇರುವುದರಿಂದ, ಸವೆದ ಬ್ಲಾಕಿನ ಬಾಯಿಯನ್ನಷ್ಟೇ ಅಳೆದರೆ ಮೋಸ ಹೋಗುತ್ತೀರಿ. ಸ್ಟ್ರೋಕ್ ಅಳೆಯಿರಿ, ಡಿಐನಲ್ಲಿ ಅದು 101.6 ಮಿ.ಮೀ.

ಬ್ಲಾಕ್ ಕೊಳ್ಳುವ ಮೊದಲು ಹಳೆಯದು ಏಕೆ ಹಿಡಿದುಕೊಂಡಿತು ಎಂಬುದನ್ನು ದಯವಿಟ್ಟು ಪತ್ತೆ ಮಾಡಿ, ಏಕೆಂದರೆ ನಾನು ಇದನ್ನು ಮಾಡದೆ ಒಂದು ಒಳ್ಳೆಯ ಬ್ಲಾಕನ್ನು ಕಳೆದುಕೊಂಡೆ. ಇಂಜೆಕ್ಟರುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಡೀಸೆಲ್ ಸುರಿದು ವಾರ ಬಿಟ್ಟು, ಮುಂದಿನ ಪುಲ್ಲಿಯ ನಟ್ಟಿಗೆ ಉದ್ದದ ಸ್ಪ್ಯಾನರ್ ಹಾಕಿ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಒತ್ತಿ ನೋಡಿ. ನನ್ನದು ಹೀಗೆ ಬಿಟ್ಟುಕೊಂಡಾಗ ಮೂರನೆಯ ಸಿಲಿಂಡರಿನಿಂದ ಕೆಮ್ಮಣ್ಣು ಕದಡಿದಂಥ ತುಕ್ಕುನೀರು ಚಿಮ್ಮಿತು. ಬೋಟಿನ ಸೈಲೆನ್ಸರ್ ಕೊಳವೆಯೊಳಗೆ ತಂಪು ಮಾಡಲು ನೀರು ಹರಿಯುತ್ತದೆ. ಸಮುದ್ರದಲ್ಲಿ ಓಡಿದ ಬೋಟಿನಲ್ಲಿ ಆ ಕೊಳವೆಯ ಎಲ್ಬೋ (ಬಾಗಿದ ಭಾಗ) ಉಪ್ಪು ತಿಂದು ತೂತಾಗಿ, ಆ ನೀರು ತೆರೆದಿರುವ ವಾಲ್ವಿನ ಮೂಲಕ ಹಿಂದಕ್ಕೆ ಇಳಿಯುತ್ತದೆ. ಎಲ್ಬೋ ಬದಲಿಸದೆ ಹೊಸ ಬ್ಲಾಕ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಜೀಪಿನಿಂದ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ನುಗಳನ್ನು ಮಾತ್ರ ತೆಗೆದುಕೊಳ್ಳಿ. ನೀರು ಸುತ್ತುವ ಮ್ಯಾನಿಫೋಲ್ಡ್, ಕೆರೆಯ ನೀರೆಳೆಯುವ ಪಂಪು, ಆಯಿಲ್ ಸಂಪು (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ), ಫ್ಲೈವೀಲ್ ಹೌಸಿಂಗ್ ಇವೆಲ್ಲ ಹಳೆಯ ಬೋಟ್ ಎಂಜಿನ್ನಿನವೇ ಇರಬೇಕು. ಬೋಟಿನಲ್ಲಿ ಎಂಜಿನ್ ಓರೆಯಾಗಿ ಕೂರುವುದರಿಂದ ಜೀಪಿನ ಸಂಪು ಹಾಕಿದರೆ ಆಯಿಲ್ ಪಂಪಿಗೆ ಆಯಿಲ್ ಸಿಗದೆ ಹೋಗಬಹುದು, ಡಿಪ್‌ಸ್ಟಿಕ್ಕಿನ ಗೆರೆಯೂ ಸುಳ್ಳು ಹೇಳುತ್ತದೆ. ಸವೆದ ಬ್ಲಾಕನ್ನು ಬೋರಿಂಗ್ ಮಾಡಿಸದೆ, ಅಂದರೆ ಸಿಲಿಂಡರುಗಳ ಒಳಗೋಡೆಯನ್ನು ಕೊರೆಸಿ ಸಮ ಮಾಡಿಸದೆ, ಹಾಕಬೇಡಿ. ಜೀಪಿಗೆ ಇಳಿಜಾರಿನಲ್ಲಿಯಾದರೂ ಉಸಿರಾಡಲು ಬಿಡುವಿರುತ್ತದೆ. ಬೋಟಿನ ಎಂಜಿನ್ನಿಗೆ ಶಿರಾಡಿ ಘಾಟಿಯನ್ನು ತುಂಬಿದ ಲೋಡಿನಲ್ಲಿ ಏರುತ್ತಲೇ ಇದ್ದಂತೆ.

ಇನ್ನೊಂದು ಉತ್ತರ, ಗೊರೂರಿನಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಪೆಟ್ರೋಲ್ ಎಂಜಿನ್ ಬದಲಿಸುವವರು ಇದನ್ನು ಓದುತ್ತಿದ್ದರೆ, ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಕಾರ್ಬುರೇಟರುಗಳನ್ನು ಬೋಟಿಗೆ ಹಾಕಲೇಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಬೋಟಿನ ತಳದಲ್ಲಿ ಶೇಖರವಾಗುತ್ತದೆ. ಕಾರಿನ ಭಾಗಗಳ ಒಂದು ಕಿಡಿ ಸಾಕು. ಬೋಟಿಗೆಂದೇ ಮಾಡಿದ ಭಾಗಗಳಲ್ಲಿ ಕಿಡಿ ಹೊರಬಾರದಂತೆ ಮುಚ್ಚಿರುತ್ತಾರೆ, ಕಾರ್ಬುರೇಟರಿನಲ್ಲಿ ಉಕ್ಕಿದ ಪೆಟ್ರೋಲು ಹೊರಗೆ ಚೆಲ್ಲದೆ ಒಳಕ್ಕೇ ಇಳಿಯುತ್ತದೆ. ಹೋಂಸ್ಟೇಯ ಅತಿಥಿಗಳನ್ನು ಕೂರಿಸುವ ಉದ್ದೇಶವಿದ್ದರೆ, 2021ರ ಒಳನಾಡು ಹಡಗುಗಳ ಕಾಯ್ದೆಯಡಿ ತಪಾಸಣೆ, ನೋಂದಣಿಗಳ ವಿಷಯವನ್ನು ಕೆಲಸ ಶುರು ಮಾಡುವ ಮೊದಲೇ ವಿಚಾರಿಸಿಕೊಳ್ಳಿ.

ಕೇಳಿದವರಿಂದ:

ಇಬ್ಬರಿಗೂ ಧನ್ಯವಾದಗಳು. ಎಲ್ಬೋ ಬಿಚ್ಚಿದೆವು, ಒಳಗೋಡೆಯಲ್ಲಿ ಕಿರುಬೆರಳು ತೂರುವಷ್ಟು ತೂತಿದೆ. ಗುಜರಿಯ ಬ್ಲಾಕಿನ ಸ್ಟ್ರೋಕ್ 101.6 ಮಿ.ಮೀ. ಬಂದದ್ದರಿಂದ ಅದನ್ನು ಬಿಟ್ಟು ಬಂದೆವು. ಸಿಲಿಂಡರುಗಳಿಗೆ ನಿನ್ನೆ ಸಂಜೆ ಡೀಸೆಲ್ ಸುರಿದಿದ್ದೇವೆ.