ಏಳು ತಿಂಗಳಿಗೆ ಹುಟ್ಟುವ ಮಗುವಿನ ಹೊಕ್ಕುಳಬಳ್ಳಿಯನ್ನು ಯಾವಾಗ ಕತ್ತರಿಸಬೇಕು?

ಪ್ರಶ್ನೆ (ತುಮಕೂರಿನ ತಾಯಿ):

ಒಂಬತ್ತು ವರ್ಷದ ಹಿಂದೆ ನನ್ನ ಮಗಳು 29ನೇ ವಾರದಲ್ಲಿ ಸಿಸೇರಿಯನ್ ಮೂಲಕ ಹುಟ್ಟಿದಳು. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ನಾನು ಎಚ್ಚರವಾಗಿಯೇ ಇದ್ದೆ. ಹಸಿರು ಪರದೆಯ ಆಚೆ ಕತ್ತರಿಯ ಸದ್ದು ಕೇಳಿಸಿದ್ದು, ಅದರ ಬೆನ್ನಿಗೇ ಯಾರೋ ಮಗುವನ್ನು ಎತ್ತಿಕೊಂಡು ಮೂಲೆಯ ಬಿಸಿ ಮೇಜಿನ ಕಡೆಗೆ ಓಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವಳಿಗೆ ಮೂರು ಸಲ ರಕ್ತ ಕೊಡಬೇಕಾಯಿತು. ಈಗ ನಾನು ಮತ್ತೆ ಗರ್ಭಿಣಿ, 25 ವಾರ ತುಂಬಿದೆ, ಗರ್ಭಕಂಠ ಗಿಡ್ಡವಾಗುತ್ತಿದೆ ಎಂದಿದ್ದಾರೆ. ಬೇಗ ಹೆರಿಗೆಯಾದರೆ ಕನಿಷ್ಠ ಒಂದು ನಿಮಿಷ ಬಳ್ಳಿ ಕತ್ತರಿಸದೆ ಕಾಯುತ್ತೇವೆ ಎನ್ನುತ್ತಾರೆ ವೈದ್ಯರು. ಅಂಗೈಯಷ್ಟು ಮಗುವನ್ನು ಹಾಗೆ ಕಾಯಿಸುವುದು ಅಪಾಯವಲ್ಲವೇ? ಕಾಯುವ ಬದಲು ಬಳ್ಳಿಯಲ್ಲಿರುವ ರಕ್ತವನ್ನು ಬೆರಳಿನಿಂದ ಮಗುವಿನ ಕಡೆಗೆ ನೀವಿ ಬಿಡಬಹುದಂತೆ, ಅದು ಸರಿಯೇ?

ಉತ್ತರ 1 (ನವಜಾತ ಶಿಶು ತಜ್ಞೆ):

ಆ ಒಂದು ನಿಮಿಷವನ್ನು ಕಾಯಿಸುವುದು ಎಂದು ಕರೆಯುವುದರಿಂದಲೇ ತಾಯಂದಿರಿಗೆ ಭಯವಾಗುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಿಜವಾಗಿ ನೋಡಿದರೆ ಅದು ಚಿಕಿತ್ಸೆಯ ಮೊದಲ ನಿಮಿಷ. ದಿನ ತುಂಬಿದ ಮಗುವಿನ ರಕ್ತದಲ್ಲಿ ಸುಮಾರು ಮೂರನೇ ಒಂದು ಭಾಗ ಹುಟ್ಟಿದ ಕ್ಷಣದಲ್ಲಿ ಮಾಸಿನಲ್ಲಿರುತ್ತದೆ. 30 ವಾರಕ್ಕಿಂತ ಮೊದಲು ಹುಟ್ಟಿದ ಮಗುವಿನಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಗರ್ಭದಲ್ಲಿರುವಾಗ ಮಗುವಿನ ಹೃದಯದ ಎಡಭಾಗಕ್ಕೆ ಬರುವ ರಕ್ತದಲ್ಲಿ ಬಹುಪಾಲು ಮಾಸಿನಿಂದ ಬರುತ್ತದೆ, ಉಸಿರು ತೆರೆದುಕೊಂಡ ಮೇಲೆ ಆ ರಕ್ತ ಶ್ವಾಸಕೋಶದಿಂದ ಬರತೊಡಗುತ್ತದೆ. ಶ್ವಾಸಕೋಶ ಇನ್ನೂ ಅರಳದಿರುವಾಗಲೇ ಬಳ್ಳಿಯನ್ನು ಕತ್ತರಿಸಿದರೆ ಹೃದಯಕ್ಕೆ ಎರಡೂ ಕಡೆಯಿಂದ ರಕ್ತ ಸಾಲದೆ ಅದರ ಬಡಿತ ಕುಸಿಯುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿ ಕುರಿಮರಿಗಳಲ್ಲಿ ತೋರಿಸಿಕೊಟ್ಟರು.

ಮಕ್ಕಳಲ್ಲಿ ನಡೆದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾದ ಎಪಿಟಿಎಸ್. ಅದರಲ್ಲಿ 30 ವಾರಕ್ಕೆ ಮೊದಲು ಹುಟ್ಟಿದ ಸುಮಾರು 1,500 ಮಕ್ಕಳಿದ್ದರು. ಸಾವು ಮತ್ತು ಗಂಭೀರ ತೊಂದರೆಗಳನ್ನು ಒಟ್ಟು ಸೇರಿಸಿ ಎಣಿಸಿದಾಗ ಎರಡು ಗುಂಪುಗಳಿಗೆ ವ್ಯತ್ಯಾಸವೇ ಕಾಣಲಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಆದರೆ ಸಾವನ್ನಷ್ಟೇ ಎಣಿಸಿದಾಗ, ತಕ್ಷಣ ಕತ್ತರಿಸಿದ ಗುಂಪಿನಲ್ಲಿ ಶೇ. 9.0 ಮತ್ತು ನಿಮಿಷ ಕಾದ ಗುಂಪಿನಲ್ಲಿ ಶೇ. 6.4 ಇತ್ತು. ಮುಂದೆ 2023ರಲ್ಲಿ, ಹಲವು ದೇಶಗಳ ಅಧ್ಯಯನಗಳಲ್ಲಿದ್ದ ಒಂದೊಂದು ಮಗುವಿನ ಮಾಹಿತಿಯನ್ನೂ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗಲೂ ಕಾದ ಗುಂಪಿನಲ್ಲಿ ಸಾವು ಕಡಿಮೆ ಎಂದೇ ಕಂಡುಬಂತು. ರಕ್ತ ಕೊಡಬೇಕಾಗುವ ಪ್ರಸಂಗಗಳೂ ಕಡಿಮೆಯಾಗುತ್ತವೆ.

ಉತ್ತರ 2 (ಹೆರಿಗೆ ಕೋಣೆಯ ಶುಶ್ರೂಷಕಿ):

ಆ ನಿಮಿಷದಲ್ಲಿ ಯಾರೂ ಕೈಕಟ್ಟಿ ನಿಂತಿರುವುದಿಲ್ಲ. ಮಗುವನ್ನು ಕುತ್ತಿಗೆಯವರೆಗೆ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ತಲೆಗೆ ಟೋಪಿ ಹಾಕಿ, ಬೆನ್ನನ್ನು ಮೆಲ್ಲಗೆ ಸವರುತ್ತೇವೆ. ಒಬ್ಬರು ಗಡಿಯಾರ ನೋಡುತ್ತಾ ಗಟ್ಟಿಯಾಗಿ "ಮೂವತ್ತು, ನಲವತ್ತೈದು, ಅರವತ್ತು" ಎಂದು ಕೂಗುತ್ತಿರುತ್ತಾರೆ. ನೀಲಿಗಟ್ಟಿ ತುಂಬಿಕೊಂಡಿದ್ದ ಬಳ್ಳಿ ನಿಧಾನವಾಗಿ ಬೆಳ್ಳಗಾಗಿ ಸೊರಗುವುದನ್ನು ನಾನು ಎಷ್ಟು ಸಲ ನೋಡಿದರೂ ಮತ್ತೆ ನೋಡಬೇಕು ಅನ್ನಿಸುತ್ತದೆ. ಮಗು ತಣ್ಣಗಾಗುವುದೇ ನಮಗಿರುವ ದೊಡ್ಡ ಆತಂಕ, ಆದ್ದರಿಂದ ಕೋಣೆಯನ್ನು ಮೊದಲೇ ಬೆಚ್ಚಗಿಟ್ಟಿರುತ್ತೇವೆ.

ಬಳ್ಳಿ ನೀವುವ ವಿಚಾರದಲ್ಲಿ ನಿಮ್ಮ ವಾರಗಳ ಲೆಕ್ಕ ತುಂಬಾ ಮುಖ್ಯ. ನೀವುವುದನ್ನೂ ಕಾಯುವುದನ್ನೂ ಹೋಲಿಸಿದ ಅಮೆರಿಕದ ಪ್ರೀಮಾಡ್2 ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 23ರಿಂದ 27 ವಾರದ ಮಕ್ಕಳಲ್ಲಿ ಮಿದುಳಿನೊಳಗಿನ ತೀವ್ರ ರಕ್ತಸ್ರಾವ ನೀವಿದ ಗುಂಪಿನಲ್ಲಿ ಶೇ. 22 ಮತ್ತು ಕಾದ ಗುಂಪಿನಲ್ಲಿ ಶೇ. 6 ಕಂಡದ್ದೇ ಅದಕ್ಕೆ ಕಾರಣ. ಒಮ್ಮೆಲೇ ನುಗ್ಗುವ ರಕ್ತವನ್ನು ಆ ಎಳೆಯ ನಾಳಗಳು ತಡೆದುಕೊಳ್ಳಲಾರವು ಎಂಬುದು ಅದಕ್ಕೆ ಕೊಡುವ ವಿವರಣೆ. 28 ವಾರಕ್ಕೆ ಮೊದಲು ಹುಟ್ಟಿದ ಮಗುವಿನ ಬಳ್ಳಿಯನ್ನು ನೀವಬಾರದು ಎಂದು ಅಂತಾರಾಷ್ಟ್ರೀಯ ಮಾರ್ಗದರ್ಶನವೂ ಹೇಳುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ವಂದನೆಗಳು. ನಮ್ಮ ಅಜ್ಜಿ ಸೂಲಗಿತ್ತಿಯಾಗಿದ್ದರು, ಮಾಸು ಬೀಳುವವರೆಗೂ ಬಳ್ಳಿಗೆ ಕೈ ಹಚ್ಚುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದುದು ನೆನಪಾಯಿತು. ಇನ್ನೆರಡು ಮಾತು ಕೇಳಬೇಕಿದೆ. ಮಗು ಉಸಿರೇ ಎಳೆಯದಿದ್ದರೆ ಏನು ಮಾಡುತ್ತಾರೆ? ಮೊದಲನೆಯವಳಿಗೆ ರಕ್ತ ಬೇಕಾದದ್ದು ಬಳ್ಳಿಯನ್ನು ಅವಸರದಲ್ಲಿ ಕತ್ತರಿಸಿದ್ದರಿಂದಲೇ?

ಉತ್ತರ 3 (ನವಜಾತ ಶಿಶು ತಜ್ಞೆ):

ಬೆನ್ನು ಸವರಿದರೂ ಉಸಿರು ಬಾರದಿದ್ದರೆ, ಅಥವಾ ಮಾಸು ಮೊದಲೇ ಕಳಚಿ ರಕ್ತ ಹರಿಯುತ್ತಿದ್ದರೆ, ಬಳ್ಳಿ ಹರಿದಿದ್ದರೆ, ನಾವು ಕಾಯುವುದಿಲ್ಲ. ಕತ್ತರಿಸಿ ಗಾಳಿ ಕೊಡುತ್ತೇವೆ. ನೆದರ್‌ಲ್ಯಾಂಡ್ಸಿನ ಲೈಡನ್ನಿನಂಥ ಕೆಲವು ಕಡೆ ತಾಯಿಯ ಮಗ್ಗುಲಿಗೇ ತರಬಹುದಾದ ಮೇಜು ಮಾಡಿಕೊಂಡು, ಬಳ್ಳಿ ಇರುವಂತೆಯೇ ಉಸಿರಿನ ನೆರವು ಕೊಡುತ್ತಾರೆ. ಆದರೆ ಅದಕ್ಕೆ ಆ ಸಲಕರಣೆಯೂ ಪಳಗಿದ ತಂಡವೂ ಬೇಕು.

ನಿಮ್ಮ ಮಗಳ ವಿಷಯದಲ್ಲಿ ಹಾಗೆಂದು ಯಾರೂ ಹೇಳಲಾರರು. ಅಷ್ಟು ಚಿಕ್ಕ ಮಕ್ಕಳಿಂದ ಪರೀಕ್ಷೆಗೆಂದು ಮತ್ತೆ ಮತ್ತೆ ತೆಗೆಯುವ ರಕ್ತವೇ ರಕ್ತಹೀನತೆಗೆ ಒಂದು ದೊಡ್ಡ ಕಾರಣ, ಅವರ ಮೂಳೆಮಜ್ಜೆಯೂ ಬೇಗ ಹೊಸ ರಕ್ತ ಮಾಡಿಕೊಡುವುದಿಲ್ಲ. ಆ ಪರದೆಯ ಆಚೆ ಓಡಿದವರು ಅವಳನ್ನು ಉಸಿರಾಡಿಸಲೆಂದೇ ಓಡಿದರು. ಈ ಸಲ ನೋವು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿಗೂ ಮಿದುಳಿನ ರಕ್ಷಣೆಗೆ ಕೊಡುವ ಮೆಗ್ನೀಸಿಯಂ ಸಲ್ಫೇಟಿಗೂ ಹೆರಿಗೆಗೆ ಮೊದಲು ಸಮಯ ಸಿಗಬೇಕು. ಹೆರಿಗೆ ಕೋಣೆಯಲ್ಲಿ ಗಡಿಯಾರ ಯಾರ ಕೈಯಲ್ಲಿರುತ್ತದೆ ಎಂದು ನಿಮ್ಮ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ.