ನಂದಿ ಸುತ್ತಮುತ್ತ ಇದ್ದ ಹಳೇ ಬಂಗ್ಲೆ: ಜಾಗ ಯಾವುದು, ಯಾರಿದ್ದರು, ಪತ್ತೆ ಮಾಡೋದು ಹೇಗೆ?

ಕಲ್ಲುಬಾವಿ:
1936ರ ಇಂಗ್ಲಿಷ್ ಕಾಗದವೊಂದರ ತಲೆಯ ಮೇಲೆ ಬರೀ ಮನೆ ಹೆಸರು, ಕೆಳಗೆ "ನಂದಿ ಅಂಚೆ, ಕೋಲಾರ ಜಿಲ್ಲೆ" ಎಂದಿದೆ. ಒಳಗೆ ದಾರಿ ಹೇಳಿರುವುದು ಒಂದೇ ಸಾಲು: ಸ್ಟೇಷನ್ನಿನಿಂದ ಒಂದೂವರೆ ಮೈಲಿ, ಕೆರೆ ಏರಿ ದಾಟಿದ ಮೇಲೆ ಬಲಕ್ಕೆ. ಸಹಿಯಲ್ಲಿ ಇನಿಷಿಯಲ್ ಮಾತ್ರ. ಊರಿನಲ್ಲಿ "ದೊರೆ ಬಂಗ್ಲೆ" ಎಂಬ ಮಾತು ಉಳಿದಿದೆ, ಆದರೆ ಮೂರು ಜನರನ್ನು ಕೇಳಿದರೆ ಮೂರು ಹೊಲ ತೋರಿಸುತ್ತಾರೆ. ಈಗ ಅಲ್ಲೆಲ್ಲ ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ತೆಗೆದರೂ ಗೋಡೆ ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪತ್ರ) 2004ರ ಹಿಂದಕ್ಕೆ ಹೋಗುತ್ತಿಲ್ಲ. ಯಾವ ಕಚೇರಿಯಲ್ಲಿ ಯಾವ ದಾಖಲೆಯನ್ನು ಯಾವ ಹೆಸರಿನಿಂದ ಕೇಳಬೇಕು? ಮನೆಯಲ್ಲಿ ಯಾರಿದ್ದರು ಎಂಬುದೂ ಬೇಕು.

ಸರಪಳಿ_ಆಣೆ:
ಮನೆ ಹೆಸರನ್ನು ಸದ್ಯಕ್ಕೆ ಮರೆತುಬಿಡಿ ಸರ್. ನಮ್ಮ ಕಂದಾಯ ದಾಖಲೆಯಲ್ಲಿ ಮನೆಗೆ ಹೆಸರಿಲ್ಲ, ಇರುವುದು ಸರ್ವೆ ನಂಬರು. ಅದು ಸಿಕ್ಕರೆ ಮಿಕ್ಕದ್ದೆಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ.

ಮೊದಲು ನಂದಿ ಹಾಲ್ಟ್‌ನ ಹಳೇ ನಿಲ್ದಾಣದ ಕಟ್ಟಡದಿಂದ ಅಳತೆ ಹಿಡಿಯಿರಿ. ಒಂದೂವರೆ ಮೈಲಿ ಎಂದರೆ 2.4 ಕಿ.ಮೀ., ಆದರೆ ಅದು ಗಾಡಿ ದಾರಿಯ ಲೆಕ್ಕ. ನೇರ ಗೆರೆಯಲ್ಲಿ 1.8ರಿಂದ 2.4 ಕಿ.ಮೀ. ನಡುವಿನ ಪಟ್ಟಿಯನ್ನಷ್ಟೇ ಹುಡುಕಿ. ಆ ಪಟ್ಟಿಯಲ್ಲಿ ಬರುವ ಗ್ರಾಮಗಳ ನಕ್ಷೆಯನ್ನು ಭೂಮಾಪನ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ನಂಬರು ಬರುತ್ತದೆ, ಆದರೆ ಒಮ್ಮೊಮ್ಮೆ ಪಕ್ಕದ ಹೊಲದ ನಂಬರು ತೋರಿಸುತ್ತದೆ. ಮೂಲೆಯ ಬಾಂದುಕಲ್ಲು (ಎಲ್ಲೆ ಕಲ್ಲು) ನೋಡದೆ ಅದನ್ನೇ ಸತ್ಯ ಎಂದುಕೊಳ್ಳಬೇಡಿ.

ಆಮೇಲೆ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಆ ನಂಬರುಗಳ ಆಕಾರಬಂದ್ (ನಂಬರುವಾರು ವಿಸ್ತೀರ್ಣ, ಬಗೆ, ಕಂದಾಯದ ದಾಖಲೆ) ಕೇಳಿ. ಇದರಲ್ಲಿ ನೋಡಬೇಕಾದ್ದು ಎರಡು. ಒಂದು, ಜಮೀನಿನ ಬಗೆ: ಖುಷ್ಕಿಯೋ (ಮಳೆಯಾಶ್ರಿತ) ತರಿಯೋ (ನೀರಾವರಿ ಗದ್ದೆ) ಬಾಗಾಯ್ತೋ (ತೋಟ). ಏರಿಯ ಕೆಳಗಿನ ಗದ್ದೆಯಲ್ಲಿ ಯಾರೂ ಬಂಗ್ಲೆ ಕಟ್ಟಿಸುವುದಿಲ್ಲ, ಹಾಗಾಗಿ ತರಿ ನಂಬರುಗಳನ್ನೆಲ್ಲ ಕೈಬಿಡಿ. ಎರಡು, ಖರಾಬು, ಅಂದರೆ ಕಂದಾಯ ಹಾಕದೆ ಬಿಟ್ಟ ಜಾಗ. ಬಿ ಖರಾಬು ಎಂದರೆ ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ, ನಿಮಗೆ ಬೇಡ. ಎ ಖರಾಬು ಎಂದರೆ ಅಳತೆಯ ಕಾಲಕ್ಕೆ ಉಳುಮೆಗೆ ಬಾರದ ಜಾಗ. ಹಿಡುವಳಿದಾರನ ಕಟ್ಟಡ, ಕಣ ಇದರಲ್ಲೇ ಬರುತ್ತವೆ. ಒಳ್ಳೆ ಖುಷ್ಕಿ ಹೊಲದ ನಡುವೆ ಐದಾರು ಗುಂಟೆ ಎ ಖರಾಬು ಕಂಡರೆ ಆ ನಂಬರಿಗೆ ಗುರುತು ಹಾಕಿ. ಆದರೆ ಅಳತೆ ಆದಮೇಲೆ ಕಟ್ಟಿದ ಮನೆ ಇದರಲ್ಲಿ ಬಂದಿರುವುದಿಲ್ಲ, ಅದನ್ನೂ ತಲೆಯಲ್ಲಿಟ್ಟುಕೊಳ್ಳಿ.

ಗುರುತು ಹಾಕಿದ ನಂಬರುಗಳಿಗೆ ಮಾತ್ರ ಮೂಲ ಟಿಪ್ಪಣಿ ತೆಗೆಸಿ. ಟಿಪ್ಪಣಿ ಎಂದರೆ ಹೊಲ ಅಳೆದಾಗ ಕೈಯಲ್ಲಿ ಬರೆದ ಕಚ್ಚಾ ಚಿತ್ರ, ಸ್ಕೇಲಿನಲ್ಲಿ ಇರುವುದಿಲ್ಲ. ಫೋಟೋ ತೆಗೆದು ಉಪಗ್ರಹ ಚಿತ್ರದ ಮೇಲೆ ಕೂರಿಸಲು ಹೋದರೆ ಎಂದೂ ಕೂರುವುದಿಲ್ಲ. ಅದರ ಮೇಲಿನ ಅಂಕಿಗಳೇ ಮುಖ್ಯ. ಅವು ಸರಪಳಿ ಮತ್ತು ಆಣೆಯಲ್ಲಿರುತ್ತವೆ: ಸರಪಳಿಗೆ 33 ಅಡಿ, ಅದರಲ್ಲಿ 16 ಆಣೆ, ಒಂದು ಆಣೆಗೆ 2 ಅಡಿ ಮುಕ್ಕಾಲು ಇಂಚು. 66 ಅಡಿಯ ಸರಪಳಿ ಎಂದು ಲೆಕ್ಕ ಹಾಕಿದರೆ ಹೊಲ ನಾಲ್ಕು ಪಟ್ಟು ಆಗುತ್ತದೆ. ಕನ್ನಡ ಅಂಕಿಯಲ್ಲಿ ೬, ೯ ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ವಿಸ್ತೀರ್ಣ ಲೆಕ್ಕ ಹಾಕಿ ಆಕಾರಬಂದ್‌ಗೆ ತಾಳೆ ನೋಡಿ.

ಇಂಚು_ಮೈಲಿ:
ಮೇಲಿನದಕ್ಕೆ ಒಂದು ಸೇರ್ಪಡೆ. ಸರ್ವೆ ಆಫ್ ಇಂಡಿಯಾದ ಹಳೇ ಇಂಚಿಗೊಂದು ಮೈಲಿ ಶೀಟು ನೋಡಿ. ನಂದಿ, ಚಿಕ್ಕಬಳ್ಳಾಪುರ ಬರುವುದು 57 ಜಿ/11ರಲ್ಲಿ. ಒಂಟಿ ಕಟ್ಟಡ, ಬಾವಿ, ತೋಪು, ಗಾಡಿ ದಾರಿ ಇದರಲ್ಲಿ ಇರುತ್ತವೆ. ಗ್ರಾಮ ನಕ್ಷೆ ಎಲ್ಲೆ ತೋರಿಸೋಕೆ ಇರೋದು, ಅದರಲ್ಲಿ ಮನೆ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಹಳೇ ಶೀಟನ್ನು ಈಗಿನ ಜಿಪಿಎಸ್ ಮೇಲೆ ಹಾಕುವಾಗ ಎರಡು ಕಡೆ ಎಡವುತ್ತಾರೆ. ಹಳೇ ನಕ್ಷೆಯ ಅಕ್ಷಾಂಶ-ರೇಖಾಂಶದ ಲೆಕ್ಕವಾದ ಎವರೆಸ್ಟ್ ಡೇಟಮ್‌ನಿಂದ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ಕ್ಕೆ ಬದಲಿಸದಿದ್ದರೆ ನಮ್ಮ ಕಡೆ 100 ಮೀಟರಿಗೂ ಮೀರಿ ಸರಿಯುತ್ತದೆ, ಅಂದರೆ ಮನೆ ಬೇರೆಯವರ ಹೊಲಕ್ಕೆ ಹೋಯ್ತು. ಇನ್ನು 19ನೇ ಶತಮಾನದ ಶೀಟಾದರೆ ರೇಖಾಂಶದಲ್ಲೇ ಸುಮಾರು 2 ನಿಮಿಷ 27 ಸೆಕೆಂಡಿನ ತಪ್ಪಿದೆ, ಇಲ್ಲಿ ಅದು ನಾಲ್ಕು ಕಿ.ಮೀ.ಗಿಂತ ಹೆಚ್ಚು. ಅಂಚಿನ ಅಂಕಿ ನಂಬುವ ಬದಲು ಕೆರೆ ಏರಿಯ ಎರಡು ತುದಿ, ದೇವಸ್ಥಾನ, ಹಳೇ ಸೇತುವೆ ಹೀಗೆ ಜಾಗ ಬದಲಿಸದ ಐದಾರು ಗುರುತು ಹಿಡಿದು ಕೂರಿಸಿ.

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ತಾಣದಲ್ಲಿ 1960ರ ದಶಕದ ಕರೋನಾ ಗೂಢಚಾರ ಉಪಗ್ರಹದ ಚಿತ್ರಗಳಿವೆ. ಸ್ಕ್ಯಾನ್ ಆಗಿರುವುದು ಪುಕ್ಕಟೆ. 1967ರ ನಂತರದ ಕೆಎಚ್-4ಬಿ ಚಿತ್ರವೇ ಆರಿಸಿ, ಸುಮಾರು 6 ಅಡಿಯ ವಸ್ತುವರೆಗೂ ತಿಳಿಯುತ್ತದೆ. ಆ ಹೊತ್ತಿಗೆ ಸೂರು ಬಿದ್ದಿದ್ದರೂ ಕಾಂಪೌಂಡಿನ ಚೌಕ ಮತ್ತು ಗೇಟಿನಿಂದ ಮನೆವರೆಗಿನ ಮರದ ಸಾಲು ಕಾಣಬಹುದು.

ಹಳೇದಫ್ತರ:
ಜಾಗ ಸಿಕ್ಕಮೇಲೆ ಜನರ ವಿಚಾರ. ಈಗಿನ ಪಹಣಿಯ ಕಾಲಂ 9ರಲ್ಲಿ ಮಾಲೀಕರು, 10ರಲ್ಲಿ ಯಾವ ಮ್ಯುಟೇಶನ್‌ನಿಂದ ಬಂತು ಎಂಬುದು. ಆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆ ಪುಸ್ತಕದ) ನಂಬರನ್ನು ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ತಂತ್ರಾಂಶಕ್ಕೆ ಮುಂಚಿನದೆಲ್ಲ ಕೈಬರಹದ ಪಹಣಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂನಲ್ಲಿ. ಅದಕ್ಕೂ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಪುಸ್ತಕ. ಅದರಲ್ಲಿ ನಿಮ್ಮ ಸರ್ವೆ ನಂಬರಿನ ಎದುರು ಒಂದು ಆರ್.ಆರ್. ನಂಬರು ಸಿಗುತ್ತದೆ, ಅದನ್ನು ಕೊಟ್ಟು ರೆಕಾರ್ಡ್ ಆಫ್ ರೈಟ್ಸ್ ತೆಗೆಸಬೇಕು. "ಹಳೇ ದಾಖಲೆ ಕೊಡಿ" ಎಂದರೆ ಯಾರೂ ಏಳುವುದಿಲ್ಲ. ಪುಸ್ತಕದ ಹೆಸರು, ಗ್ರಾಮ, ನಂಬರು, ವರ್ಷ ನಾಲ್ಕೂ ಬರೆದುಕೊಡಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. "ಯಾರು ವಾಸವಿದ್ದರು" ಎಂದು ಪ್ರಶ್ನೆ ಹಾಕಬೇಡಿ, ಇಂಥ ಪುಟದ ನಕಲು ಎಂದು ಕೇಳಿ.

ಊರು ಇನಾಂ ಗ್ರಾಮವಾಗಿತ್ತೇ ಎಂದೂ ವಿಚಾರಿಸಿ. ಹೌದಾದರೆ 1954ರ ಇನಾಂ ರದ್ದತಿ ಕಾಯ್ದೆಯಡಿ ಹಿಡುವಳಿ ಹಕ್ಕು ಕೊಟ್ಟ ಕಡತದಿಂದ ಶುರು ಮಾಡಬೇಕು.

ಇಸಿ ಆನ್‌ಲೈನ್ ಸಿಗದಿದ್ದರೆ ಮುಗಿಯಿತು ಎಂದುಕೊಳ್ಳಬೇಡಿ. ಉಪ ನೋಂದಣಿ ಕಚೇರಿಯಲ್ಲಿ 1ನೇ ಪುಸ್ತಕ (ಸ್ಥಿರಾಸ್ತಿ ಪತ್ರಗಳದು) ಮತ್ತು ಅದರ ಸೂಚಿಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನೋಂದಣಿ ಕಾಯ್ದೆಯ 57ನೇ ಕಲಮು. ವಿಲ್ಲುಗಳ 3ನೇ ಪುಸ್ತಕ ಹಾಗಲ್ಲ. ಹೆಸರಿನ ಸೂಚಿ ಬಿಟ್ಟು ಆಸ್ತಿಯ ಸೂಚಿಯನ್ನೇ ಹಿಡಿಯಿರಿ, ಇಂಗ್ಲಿಷ್ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಕ್ರಯಪತ್ರದ ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಎಲ್ಲೆಯ ವಿವರ) ತಪ್ಪದೆ ಓದಿ. ನಿಮ್ಮ ನಂಬರಿನ ಪತ್ರ ಸಿಗದಿದ್ದರೂ ಪಕ್ಕದ ಹೊಲದ ಪತ್ರದಲ್ಲಿ "ಪೂರ್ವಕ್ಕೆ ಇಂಥ ದೊರೆಯವರ ಬಂಗ್ಲೆ ಕಾಂಪೌಂಡು" ಎಂದಿದ್ದರೆ ಅದೊಂದೇ ಸಾಕು.

ಆದರೆ ಇದೆಲ್ಲ ಮಾಲೀಕರ ದಾಖಲೆ. ತಿಂಗಳ ಬಾಡಿಗೆಗೆ ಇದ್ದವರ ಕರಾರನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ, ಹಾಗಾಗಿ ಕಾಗದ ಬರೆದವರು ಇಲ್ಲಿ ಸಿಗದಿರಬಹುದು. ಆ ಕಾಲದ ಇಂಗ್ಲಿಷರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿ ದಾಖಲೆಗಳೇ ಗತಿ. ಅವುಗಳ ನಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಎಂಬ ಮದ್ರಾಸ್ ಸರಣಿಯಲ್ಲಿವೆ. ಮೈಸೂರು ಸಂಸ್ಥಾನವೆಂದು ಬೇರೆ ಹುಡುಕಿ ಸೋಲುವವರೇ ಹೆಚ್ಚು. ಹುಡುಕುವಾಗ ನಂದಿದುರ್ಗವನ್ನು "ನಂಡಿಡ್ರೂಗ್" (Nundydroog) ಎಂಬ ಹಳೇ ಕಾಗುಣಿತದಲ್ಲೂ ಹಾಕಿ. ಆದರೆ ಕೆಜಿಎಫ್‌ನ ಒಂದು ಗಣಿಗೂ ಅದೇ ಹೆಸರು, ಗಣಿಯವರ ದಾಖಲೆ ರಾಶಿ ಬಂದು ಬೀಳುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ, ಪತ್ರಾಗಾರದಲ್ಲಿ ಕೋಲಾರ ಜಿಲ್ಲೆ ಎಂದೇ ಕೇಳಿ.

ಮಾಲಿ, ಅಡಿಗೆಯವರು, ಜವಾನರು ಬೇಕಿದ್ದರೆ ಹಳೇ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ತಂದೆಯ ಕಸುಬಿನ ಕಾಲಂನಲ್ಲಿ "ಬಂಗ್ಲೆ ಮಾಲಿ" ಎಂದಿದ್ದರೆ ಆ ಮನೆಯವರ ಮೊಮ್ಮಕ್ಕಳು ಊರಲ್ಲೇ ಇರಬಹುದು. ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕಾರಣ ಕೊಡಿ.

ಕಲ್ಲುಬಾವಿ:
ಉಪಕಾರವಾಯ್ತು. ಆಕಾರಬಂದ್ ನೋಡಿದ್ದಾಯ್ತು. ಪಟ್ಟಿಯೊಳಗೆ ಎರಡು ಖುಷ್ಕಿ ನಂಬರುಗಳಲ್ಲಿ ಎ ಖರಾಬು ಇದೆ, ಒಂದರಲ್ಲಿ 7 ಗುಂಟೆ, ಇನ್ನೊಂದರಲ್ಲಿ 1 ಎಕರೆ 4 ಗುಂಟೆ. ಎರಡೂ ಏರಿಯ ಬಲಕ್ಕೇ ಇವೆ. ನೆಲದ ಮೇಲೆ ತೀರ್ಮಾನ ಮಾಡೋದು ಹೇಗೆ?

ಗಚ್ಚುಗಾರೆ:
1 ಎಕರೆ 4 ಗುಂಟೆ ಬಹುಶಃ ಬಂಡೆ ಇರುತ್ತೆ, ನಂದಿ ಸೀಮೆಯಲ್ಲಿ ಬಂಡೆಗೇನು ಬರ. ಹೋದ ತಕ್ಷಣ ಗೊತ್ತಾಗುತ್ತೆ. 7 ಗುಂಟೆಯದು ಅಂದ್ರೆ 7,623 ಚದರಡಿ, ಮನೆ ಮತ್ತು ಅಂಗಳಕ್ಕೆ ಸರಿಹೋಗುತ್ತೆ.

ಗೋಡೆ ಹುಡುಕಬೇಡಿ, ಕಲ್ಲನ್ನು ಯಾವತ್ತೋ ಹೊತ್ತುಕೊಂಡು ಹೋಗಿರ್ತಾರೆ. ಚಪ್ಪಡಿ, ಬಾಗಿಲು ಚೌಕಟ್ಟು ಊರೊಳಗಿನ ಕೊಟ್ಟಿಗೆಗಳಲ್ಲಿ ಸಿಗಬಹುದು. ಯಾರೂ ಹೊರದೆ ಬಿಡೋದು ಗಾರೆ ಚೂರು. ಉಳುಮೆ ಆದಮೇಲೆ, ಒಂದು ಮಳೆ ಬಿದ್ದ ಮಾರನೇ ದಿನ ಹೊಲ ತೊಳೆದಂಗಿರುತ್ತೆ, ಆಗ ನಡೆದು ನೋಡಿ. ಬಿಳಿ ಸುಣ್ಣದ ಗಾರೆ ಹತ್ತಿದ ಇಟ್ಟಿಗೆ ಚೂರು, ಗಾಜು, ಪಿಂಗಾಣಿ, ಮಂಗಳೂರು ಹೆಂಚು ಒಂದೇ ಕಡೆ ದಟ್ಟವಾಗಿದ್ದರೆ ಅಲ್ಲೇ. ಬೂದು ಸಿಮೆಂಟಿನ ಚೂರು ಲೆಕ್ಕಕ್ಕೆ ಬೇಡ, ಪಂಪ್‌ಹೌಸ್‌ದು ಇರುತ್ತೆ. ಹೆಂಚಿನ ಮೇಲೆ ಬಾಸೆಲ್ ಮಿಶನ್ ಹೆಸರಿನ ಜೊತೆ 1865 ಅಂತ ಕಂಡರೆ ಮನೆ ಅಷ್ಟು ಹಳೇದು ಅಂತ ಕುಣಿಬೇಡಿ, ಅದು ಕಾರ್ಖಾನೆ ಶುರುವಾದ ವರ್ಷ, ಆಮೇಲಿನ ಹೆಂಚಿಗೂ ಅದನ್ನೇ ಒತ್ತುತ್ತಿದ್ದರು.

ರಾಗಿ ಇದ್ದರೆ ಇನ್ನೂ ಸುಲಭ. ಮಳೆ ಕೈಕೊಟ್ಟ ವರ್ಷ ಬುನಾದಿ ಮೇಲೆ ಮಣ್ಣು ತೆಳು ಇರೋದ್ರಿಂದ ಆ ಸಾಲು ಮೊದಲು ಬಾಡುತ್ತೆ, ಮೂಲೆ ಮೂಲೆ ತಿರುಗಿದ ಗೆರೆ ಕಾಣುತ್ತೆ. ಗೂಗಲ್ ಅರ್ಥ್‌ನಲ್ಲಿ ಬೇಸಿಗೆ ಚಿತ್ರ ಬಿಟ್ಟು, ಬರದ ವರ್ಷದ ಅಕ್ಟೋಬರ್ ಚಿತ್ರ ಹುಡುಕಿ. ಚಪ್ಪರ ಹಾಕಿ ಜೆಸಿಬಿ ಓಡಿಸಿರೋ ಕಡೆ ಇದು ನಡೆಯಲ್ಲ, ಅಲ್ಲಿ ಬಾವಿ ಒಂದೇ ಗುರುತು. ಗಾರೆ ಕಟ್ಟಿದ ದುಂಡು ಬಾವಿ ಮುಚ್ಚಿದ್ದರೂ ಆ ಜಾಗ ವರ್ಷ ವರ್ಷ ಕುಸಿಯುತ್ತೆ.

ಸರಪಳಿ_ಆಣೆ:
ಹೊಲದ ಯಜಮಾನರನ್ನು ಕೇಳಿಯೇ ಕಾಲಿಡಿ. ನೋಡೋಕೆ ಬಂದಿದ್ದೀವಿ, ಅಗೆಯೋಕಲ್ಲ ಅಂತ ಮೊದಲೇ ಹೇಳಿ. ಹಳೇ ಬಂಗ್ಲೆ ಅಂದರೆ ನಿಧಿ ಅಂದುಕೊಳ್ಳೋರು ಇದ್ದಾರೆ, ಅಳತೆ ಟೇಪು ಕಂಡರೆ ಅಕ್ವಿಸಿಷನ್ ಅಂತ ಗಾಬರಿ ಆಗೋರೂ ಇದ್ದಾರೆ. 7 ಗುಂಟೆಯ ನಂಬರಿನ ಟಿಪ್ಪಣಿ ಸಿಕ್ಕಿದರೆ ಅಂಕಿಗಳನ್ನು ಇಲ್ಲಿ ಹಾಕಿ, ಅಡಿಗೆ ಬದಲಿಸಿ ಕೊಡುತ್ತೇನೆ. ಮಾಲೀಕರ ಹೆಸರಿನ ಭಾಗ ಮುಚ್ಚಿ ಹಾಕಿ.